ವೈರ್‌ಮ್ಯಾನ್ ಪರ್ಮಿಟ್ ಮತ್ತು ಎಲೆಕ್ಟ್ರಿಷಿಯನ್ ವೃತ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಿಂದ ಐಟಿಐ ಪ್ರವೇಶ ಮುಗಿಯುವವರೆಗೆ ವಿದ್ಯಾರ್ಥಿಗಳು, ಅವರ ತಂದೆ ತಾಯಿ, ಕೆಲವೊಮ್ಮೆ ಹತ್ತಾರು ವರ್ಷ ಪರ್ಮಿಟ್ ಇಲ್ಲದೆಯೇ ಕೆಲಸ ಮಾಡಿದ ಹಿರಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ವೈರಿಂಗ್ ಕೆಲಸ ಮಾಡುತ್ತ, ಜೊತೆಗೆ ಬಂದ ಹುಡುಗರಿಗೆ ಕಲಿಸುತ್ತ ಕಂಡುಕೊಂಡದ್ದರ ಮೇಲೆ ಉತ್ತರಗಳನ್ನು ಬರೆದಿದ್ದೇನೆ. ಇಲ್ಲಿ ಹೇಳಿರುವುದು ಕರ್ನಾಟಕದ ವ್ಯವಸ್ಥೆಗೆ ಸಂಬಂಧಿಸಿದ್ದು.

ಐಟಿಐ ಪ್ರಮಾಣಪತ್ರ ಕೈಯಲ್ಲಿದೆ. ಅದರ ಮೇಲೆ ಪರ್ಮಿಟ್ ಏಕೆ ಬೇಕು?

ಇವೆರಡೂ ಬೇರೆ ಬೇರೆ ದಾಖಲೆಗಳು. ಐಟಿಐ ಮುಗಿಸಿದವರಿಗೆ ಸಿಗುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವು ನೀವು ವಿದ್ಯೆ ಕಲಿತಿದ್ದೀರಿ ಎಂದು ಹೇಳುತ್ತದೆ. ಇನ್ನೊಬ್ಬರ ಮನೆ, ಅಂಗಡಿ, ಕಾರ್ಖಾನೆಯ ವಿದ್ಯುತ್ ಸ್ಥಾವರದ, ಅಂದರೆ ಅಲ್ಲಿನ ವೈರಿಂಗ್ ಮತ್ತು ಸಾಧನಗಳ ಮೇಲೆ ಕೈ ಇಡಲು ಸರ್ಕಾರ ಕೊಡುವ ಅನುಮತಿಯೇ ಪರ್ಮಿಟ್. ನಮ್ಮ ರಾಜ್ಯದಲ್ಲಿ ಈ ಕೆಲಸ ವಿದ್ಯುತ್ ಪರಿವೀಕ್ಷಣಾಲಯದ ವ್ಯಾಪ್ತಿಗೆ ಬರುತ್ತದೆ. ಅಲ್ಲಿನ ಪರವಾನಗಿ ಮಂಡಳಿಯು ವೈರ್‌ಮ್ಯಾನ್‌ಗಳಿಗೂ ಮೇಲ್ವಿಚಾರಕರಿಗೂ ಪರ್ಮಿಟ್ ಕೊಡುತ್ತದೆ, ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುತ್ತದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂಗಳು (ಒಟ್ಟಾಗಿ ಎಸ್ಕಾಂಗಳು) ವಿದ್ಯುತ್ ಮಾರುವ ಕಂಪನಿಗಳೇ ಹೊರತು ಪರ್ಮಿಟ್ ಕೊಡುವ ಕಚೇರಿಗಳಲ್ಲ. ಅನೇಕರು ಮೊದಲು ಸೆಕ್ಷನ್ ಆಫೀಸಿಗೆ ಹೋಗಿ ವಿಚಾರಿಸಿ ವಾಪಸ್ ಬರುವುದರಿಂದ ಇದನ್ನು ಆರಂಭದಲ್ಲಿಯೇ ಹೇಳುತ್ತಿದ್ದೇನೆ.

ಮನೆಯ ಬಲ್ಬು ಬದಲಾಯಿಸಲೂ ಲೈಸೆನ್ಸ್ ಬೇಕೆ?

ಬೇಡ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮತ್ತು 250 ವೋಲ್ಟ್ ಮೀರದ ಗೃಹೋಪಯೋಗಿ ಸಾಧನಗಳನ್ನು, ಸ್ಥಾವರದ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ, ಇದ್ದ ಜಾಗದಲ್ಲಿ ಇದ್ದಂತೆ ಬದಲಿಸುವುದಕ್ಕೆ ನಿಯಮದಲ್ಲಿಯೇ ವಿನಾಯಿತಿ ಇದೆ. ಅದರಾಚೆಗಿನ ಎಲ್ಲ ಕೆಲಸವೂ, ಅಂದರೆ ಹೊಸ ವೈರಿಂಗ್, ಹೆಚ್ಚುವರಿ ಪಾಯಿಂಟ್, ಮಾರ್ಪಾಡು, ದುರಸ್ತಿ ಎಲ್ಲವೂ ಲೈಸೆನ್ಸ್ ಪಡೆದ ಗುತ್ತಿಗೆದಾರನ ಮೂಲಕ, ಅರ್ಹತಾ ಪ್ರಮಾಣಪತ್ರವಿರುವ ಮೇಲ್ವಿಚಾರಕನ ನೇರ ಕಣ್ಗಾವಲಿನಲ್ಲಿ, ಪರ್ಮಿಟ್ ಇರುವ ಕೆಲಸಗಾರನ ಕೈಯಿಂದಲೇ ಆಗಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದಲ್ಲಿದ್ದ ಈ ವಿಧಿ, 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲಿ ಮುಂದುವರಿಯಿತು. ಈಗ ಅದರ ಜಾಗದಲ್ಲಿ 2023ರ ನಿಯಮಾವಳಿ ಜಾರಿಯಲ್ಲಿದೆ.

ಕಾನೂನಿನಲ್ಲಿ ಮೂವರ ಹೆಸರು ಒಟ್ಟಿಗೆ ಬರುವುದಕ್ಕೆ ಕಾರಣವಿದೆ. ಒಬ್ಬನು ಕೆಲಸ ಮಾಡುತ್ತಾನೆ, ಒಬ್ಬನು ನೋಡುತ್ತಾನೆ, ಒಬ್ಬನು ಸಹಿ ಹಾಕಿ ಹೊಣೆ ಹೊರುತ್ತಾನೆ. ಪ್ಲಾಸ್ಟರ್ ಆದ ಮೇಲೆ ಗೋಡೆಯೊಳಗಿನ ತಂತಿ ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಆ ಹೊಣೆ ಯಾರದೆಂದು ಕಾಗದದ ಮೇಲೆ ಇರಲೇಬೇಕು.

ಎಷ್ಟು ಓದಿರಬೇಕು? ಯಾವ ಟ್ರೇಡ್ ಆರಿಸಿಕೊಳ್ಳಬೇಕು?

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ್ದು. ಅದಕ್ಕೆ 10ನೇ ತರಗತಿಯನ್ನು ವಿಜ್ಞಾನ ಮತ್ತು ಗಣಿತದೊಂದಿಗೆ ಪಾಸಾಗಿರಬೇಕು. ವೈರ್‌ಮ್ಯಾನ್ ಟ್ರೇಡ್ ಕೂಡ ಎರಡು ವರ್ಷದ್ದೇ, 8ನೇ ತರಗತಿ ಪಾಸಾದವರಿಗೂ ಪ್ರವೇಶವಿದೆ. ಎರಡಕ್ಕೂ ಕನಿಷ್ಠ ವಯಸ್ಸು 14. ವೈರ್‌ಮ್ಯಾನ್ ಟ್ರೇಡಿನಲ್ಲಿ ಕಟ್ಟಡದ ವೈರಿಂಗ್‌ಗೆ ಹೆಚ್ಚು ಒತ್ತು ಇರುತ್ತದೆ. ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ವೈರಿಂಗ್ ಜೊತೆಗೆ ಮೋಟಾರು, ಟ್ರಾನ್ಸ್‌ಫಾರ್ಮರ್, ವೈಂಡಿಂಗ್, ನಿಯಂತ್ರಣ ಫಲಕಗಳವರೆಗೆ ಪಾಠ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಆಗಿದ್ದರೆ ಎಲೆಕ್ಟ್ರಿಷಿಯನ್ ಟ್ರೇಡನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ, ಏಕೆಂದರೆ ಮುಂದೆ ಕಾರ್ಖಾನೆಯ ನಿರ್ವಹಣಾ ವಿಭಾಗ, ಎಸ್ಕಾಂ, ರೈಲ್ವೆಯಂತಹ ಕಡೆಗಳಲ್ಲಿ ಅದಕ್ಕೆ ಬಾಗಿಲು ಹೆಚ್ಚು ತೆರೆದಿರುತ್ತದೆ.

ಗಣಿತದಲ್ಲಿ ಅತಿ ಚುರುಕಾಗಿರಬೇಕೆಂದೇನೂ ಇಲ್ಲ. ಆದರೆ 2,000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಕೇಳಿದರೆ, ಸುಮಾರು 8.7 ಎಂದು ಭಾಗಾಕಾರ ಮಾಡಿ ಹೇಳುವಷ್ಟು ಲೆಕ್ಕ ಬರಲೇಬೇಕು. ಬಣ್ಣ ಗುರುತಿಸುವ ದೃಷ್ಟಿಯೂ ಸರಿಯಿರಬೇಕು. ಕೆಂಪು, ಹಳದಿ, ನೀಲಿ ಫೇಸಿಗೆ, ಕಪ್ಪು ನ್ಯೂಟ್ರಲ್ಲಿಗೆ, ಹಸಿರು ಅರ್ಥಿಗೆ ಎಂಬ ರೂಢಿಯ ಮೇಲೆಯೇ ನಮ್ಮ ಬಹುಪಾಲು ಹಳೆಯ ಕಟ್ಟಡಗಳು ನಿಂತಿವೆ. ಕೆಂಪು ಮತ್ತು ಹಸಿರು ಒಂದೇ ರೀತಿ ಕಾಣುವವರು ಈ ಕೆಲಸಕ್ಕೆ ಇಳಿಯುವ ಮೊದಲು ಕಣ್ಣಿನ ವೈದ್ಯರನ್ನು ಕಾಣಬೇಕು.

ಶಿಶಿಕ್ಷು (ಅಪ್ರೆಂಟಿಸ್) ತರಬೇತಿ ಕಡ್ಡಾಯವೇ?

ಐಟಿಐ ಮುಗಿಸಿದ ಮೇಲೆ 1961ರ ಶಿಶಿಕ್ಷು ಕಾಯ್ದೆಯಡಿ ಕಾರ್ಖಾನೆ ಅಥವಾ ವಿದ್ಯುತ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರಬಹುದು. ಸ್ಟೈಪೆಂಡ್ ಸಿಗುತ್ತದೆ, ಕೊನೆಗೆ ಪರೀಕ್ಷೆ ಬರೆದು ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ಪಡೆಯಬಹುದು. ಇದನ್ನು ಬಿಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಐಟಿಐನ ಮರದ ಹಲಗೆಯ ಮೇಲೆ ಮಾಡಿದ ವೈರಿಂಗ್‌ಗೂ, ಏಣಿಯ ಮೇಲೆ ನಿಂತು, ಬೆವರು ಕಣ್ಣಿಗಿಳಿಯುವಾಗ, ಹಿಂದಿನವನು ಯಾವ ತಂತಿ ಎಲ್ಲಿಗೆ ಎಳೆದಿದ್ದಾನೆಂದು ತಿಳಿಯದೆ ಮಾಡುವ ವೈರಿಂಗ್‌ಗೂ ಇರುವ ಅಂತರ ಈ ಒಂದು ವರ್ಷದಲ್ಲಿ ಅರ್ಥವಾಗುತ್ತದೆ.

ಐಟಿಐಗೆ ಹೋಗಿಲ್ಲ, ಮೇಸ್ತ್ರಿಯ ಕೈಕೆಳಗೆ ಕಲಿತಿದ್ದೇನೆ. ನನಗೆ ದಾರಿ ಇದೆಯೇ?

ಇದೆ. ಲೈಸೆನ್ಸ್ ಇರುವ ಗುತ್ತಿಗೆದಾರರ ಬಳಿ ಕೆಲಸ ಮಾಡಿದ ಅನುಭವವನ್ನು ದಾಖಲೆಯ ಮೂಲಕ ತೋರಿಸಿ, ಮಂಡಳಿ ಕರೆಯುವ ಪರೀಕ್ಷೆಗೆ ಹಾಜರಾಗುವ ಮಾರ್ಗವಿದೆ. ಇಲ್ಲಿ ಹೆಚ್ಚಿನವರು ಎಡವುವುದು ಅನುಭವ ಪತ್ರದಲ್ಲಿ. ಹದಿನೈದು ವರ್ಷ ದುಡಿದಿರುತ್ತಾರೆ, ಆದರೆ ಯಾರ ಬಳಿ ದುಡಿದರೋ ಆ ಮೇಸ್ತ್ರಿಗೇ ಲೈಸೆನ್ಸ್ ಇರುವುದಿಲ್ಲ, ಹಾಗಾಗಿ ಆ ಹದಿನೈದು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಈಗಷ್ಟೇ ಕೆಲಸಕ್ಕೆ ಸೇರುತ್ತಿರುವ ಹುಡುಗನಾಗಿದ್ದರೆ, ಸೇರುವ ದಿನವೇ ಗುತ್ತಿಗೆದಾರರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕೇಳಿ. ಅಣ್ಣನಂತಿರುವ ಮೇಸ್ತ್ರಿಯನ್ನು ಹೀಗೆ ಕೇಳುವುದಕ್ಕೆ ಸಂಕೋಚವಾಗುವುದು ಸಹಜ, ಆದರೂ ಕೇಳಿ.

ಪರೀಕ್ಷೆಗೆ ಓದುವಾಗ ಹೊಸದಾಗಿ ಬಾಯಿಪಾಠ ಮಾಡುವುದಕ್ಕಿಂತ ಕೈಗೆ ಈಗಾಗಲೇ ಗೊತ್ತಿರುವುದಕ್ಕೆ ಕಾರಣ ಹುಡುಕಿ. ಸ್ವಿಚ್ಚನ್ನು ಫೇಸಿನಲ್ಲಿಯೇ ಏಕೆ ಕೊಡಬೇಕು, ನ್ಯೂಟ್ರಲ್ಲಿಗೆ ಫ್ಯೂಸ್ ಏಕೆ ಹಾಕಬಾರದು, ಮೆಟ್ಟಿಲ ದೀಪದ ಟೂ ವೇ ಸಂಪರ್ಕದ ಚಿತ್ರ ಹೇಗೆ, ಮೆಗ್ಗರ್ ಎಂಬ ಉಪಕರಣ ಏನನ್ನು ಅಳೆಯುತ್ತದೆ ಎಂಬಂತಹವಕ್ಕೆ ಸ್ವಂತ ಮಾತಿನಲ್ಲಿ ಉತ್ತರ ಹೇಳಲು ಬಂದರೆ ಅರ್ಧ ತಯಾರಿ ಆದಂತೆ.

ಮೇಲ್ವಿಚಾರಕ ಪರ್ಮಿಟ್ ಮತ್ತು ಗುತ್ತಿಗೆದಾರ ಲೈಸೆನ್ಸ್ ಯಾರಿಗೆ?

ಮೇಲ್ವಿಚಾರಕ ಪರ್ಮಿಟ್ ವೈರ್‌ಮ್ಯಾನ್‌ಗಿಂತ ಮೇಲಿನ ಹಂತ. ಎಲೆಕ್ಟ್ರಿಕಲ್ ಡಿಪ್ಲೊಮಾ ಅಥವಾ ಬಿ.ಇ. ಮಾಡಿದವರಿಗೆ ಈ ದಾರಿ ಹತ್ತಿರ, ವೈರ್‌ಮ್ಯಾನ್ ಆಗಿ ಅನುಭವ ಗಳಿಸಿದವರೂ ಪರೀಕ್ಷೆಯ ಮೂಲಕ ಇಲ್ಲಿಗೆ ಬರಬಹುದು. ಗುತ್ತಿಗೆದಾರ ಲೈಸೆನ್ಸ್ ಸ್ವಂತ ಹೆಸರಿನಲ್ಲಿ ಕೆಲಸ ವಹಿಸಿಕೊಳ್ಳುವವರಿಗೆ. ಅದರಲ್ಲಿ ಸೂಪರ್ ಗ್ರೇಡ್, ಮೊದಲನೇ ದರ್ಜೆ ಮುಂತಾದ ಹಂತಗಳಿದ್ದು, ಎಷ್ಟು ದೊಡ್ಡ ಕೆಲಸ ಹಿಡಿಯಬಹುದು ಎಂಬುದು ದರ್ಜೆಯನ್ನು ಅವಲಂಬಿಸಿರುತ್ತದೆ. ಹೊಸ ಮನೆಗೆ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಗ್ರಾಹಕ ಸಂಖ್ಯೆ) ಪಡೆಯಲು ಸಲ್ಲಿಸುವ ವೈರಿಂಗ್ ಪೂರ್ಣಗೊಂಡ ವರದಿಗೆ ಈ ಗುತ್ತಿಗೆದಾರನ ಸಹಿ ಬೇಕು. ಮೂರೂ ದಾಖಲೆಗಳಿಗೆ ನವೀಕರಣದ ಗಡುವಿದೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಹೊಸ ಮನೆಯ ಕೆಲಸ ಎಲ್ಲಿಂದ ಆರಂಭವಾಗುತ್ತದೆ?

ಮನೆಗೆ ಬಣ್ಣ ಬಳಿಯುವ ಹೊತ್ತಿಗೆ ಎಲೆಕ್ಟ್ರಿಷಿಯನ್ ಬರುತ್ತಾನೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಕೆಲಸ ಆರಂಭವಾಗುವುದು ಸೂರಿನ ಕಾಂಕ್ರೀಟಿಗೆ ಮೊದಲು. ಕಂಬಿ ಕಟ್ಟಿ ಮುಗಿದ ಮೇಲೆ ಅದರ ನಡುವೆ ಪೈಪು ಎಳೆದು, ಫ್ಯಾನ್ ಬಾಕ್ಸ್ ಮತ್ತು ಜಂಕ್ಷನ್ ಬಾಕ್ಸ್‌ಗಳನ್ನು ಕೂರಿಸಿ, ಬೈಂಡಿಂಗ್ ತಂತಿಯಿಂದ ಬಿಗಿದು, ಬಾಕ್ಸಿನ ಬಾಯಿಗೆ ಸಿಮೆಂಟ್ ಹಾಲು ಇಳಿಯದಂತೆ ಕಾಗದ ತುಂಬಿ ಮುಚ್ಚಬೇಕು. ಕಾಂಕ್ರೀಟ್ ಹಾಕುವ ದಿನ ಎಲೆಕ್ಟ್ರಿಷಿಯನ್ ಸ್ಥಳದಲ್ಲಿ ಇರಲೇಬೇಕೆಂಬುದು ನಾನು ಹಿಡಿದಿರುವ ನಿಯಮ. ಬಾಂಡ್ಲಿ ಹೊತ್ತವರು ಪೈಪಿನ ಮೇಲೆ ಕಾಲಿಟ್ಟರೆ, ವೈಬ್ರೇಟರ್ ತಗುಲಿದರೆ ಬೆಂಡಿನ ಬಳಿ ಪೈಪು ಕಳಚಿಕೊಳ್ಳುತ್ತದೆ, ಅದು ಗೊತ್ತಾಗುವುದು ಮೂರು ತಿಂಗಳ ನಂತರ ಸ್ಪ್ರಿಂಗ್ ಹಾಕಿ ತಂತಿ ಎಳೆಯುವಾಗ ಮಾತ್ರ. ಆಗ ಸೂರು ಒಡೆಯುವುದೊಂದೇ ದಾರಿ.

ಆಮೇಲೆ ಗೋಡೆ ಕೊರೆದು ಪೈಪು ಕೂರಿಸುವುದು, ಪ್ಲಾಸ್ಟರ್ ಆದ ಮೇಲೆ ತಂತಿ ಎಳೆಯುವುದು, ಬಣ್ಣದ ನಂತರ ಸ್ವಿಚ್ಚು ಮತ್ತು ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ) ಜೋಡಿಸುವುದು ಕ್ರಮವಾಗಿ ನಡೆಯುತ್ತವೆ. ಸಾಮಾನ್ಯ ಮನೆಗಳಲ್ಲಿ ದೀಪ ಮತ್ತು ಫ್ಯಾನಿಗೆ 1.5 ಚದರ ಮಿಲಿಮೀಟರ್, ಪವರ್ ಪ್ಲಗ್ಗಿಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕುವುದು ರೂಢಿ. ಕರೆಂಟ್ ಮಿತಿಮೀರಿದಾಗ ತಾನಾಗಿ ಆಫ್ ಆಗುವ ಎಂಸಿಬಿ ಇರುವುದು ಆ ತಂತಿಯನ್ನು ಕಾಪಾಡಲು. 'ಪದೇ ಪದೇ ಟ್ರಿಪ್ ಆಗುತ್ತಿದೆ, ದೊಡ್ಡ ಎಂಸಿಬಿ ಹಾಕಿಕೊಡಿ' ಎಂದು ಮನೆಯವರು ಕೇಳುತ್ತಾರೆ. 2.5ರ ತಂತಿಗೆ 32 ಆಂಪಿಯರ್ ಎಂಸಿಬಿ ಹಾಕಿದರೆ ಟ್ರಿಪ್ ಆಗುವುದು ನಿಲ್ಲುತ್ತದೆ, ಗೋಡೆಯೊಳಗೆ ತಂತಿ ಬಿಸಿಯಾಗುವುದು ಶುರುವಾಗುತ್ತದೆ. ಇಂತಹ ಕೆಲಸಕ್ಕೆ ಒಪ್ಪಬೇಡಿ.

ಅರ್ಥಿಂಗ್ ಬಗ್ಗೆ ಎಲ್ಲರೂ ಅಷ್ಟು ಒತ್ತಿ ಹೇಳುವುದೇಕೆ?

ಅರ್ಥ್ ತಂತಿ ಇಲ್ಲದಿದ್ದರೂ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಫ್ರಿಜ್ ತಂಪಾಗುತ್ತದೆ. ಮನೆಯ ಯಜಮಾನರಿಗೆ ಅದರ ಕೊರತೆ ಎಂದೂ ಕಾಣುವುದಿಲ್ಲ. ಆದ್ದರಿಂದಲೇ ಹಣ ಅಥವಾ ಸಮಯ ಉಳಿಸಲು ಮೊದಲು ಕೈಬಿಡುವ ತಂತಿ ಅದೇ ಆಗಿದೆ.

ಒಮ್ಮೆ ಒಂದು ಮನೆಗೆ ಬಟ್ಟೆ ಒಗೆಯುವ ಯಂತ್ರ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಕರೆದರು. ಆ ಮನೆಯ ಅಮ್ಮ ಮರದ ಮಣೆಯ ಮೇಲೆ ನಿಂತು ಯಂತ್ರದ ಗುಂಡಿ ಒತ್ತುವುದನ್ನು ರೂಢಿಸಿಕೊಂಡಿದ್ದರು. ಪ್ಲಗ್ ಬಾಕ್ಸ್ ಬಿಚ್ಚಿ ನೋಡಿದಾಗ ಹಸಿರು ತಂತಿ ಇತ್ತು, ಆದರೆ ಅದನ್ನು ತಿರುಪಿಗೆ ಸೇರಿಸಿರಲಿಲ್ಲ. ಎರಡು ಇಂಚು ಮಡಚಿ ಬಾಕ್ಸಿನ ಹಿಂದಕ್ಕೆ ತುರುಕಲಾಗಿತ್ತು. ಡಿಬಿಯಲ್ಲಿಯೂ ಅದರ ಇನ್ನೊಂದು ತುದಿ ಹಾಗೆಯೇ ಗಾಳಿಯಲ್ಲಿತ್ತು. ಎರಡು ತಿರುಪು ಬಿಗಿಯುವ ಕೆಲಸ ಅದು, ಐದು ನಿಮಿಷವೂ ಬೇಡ. ಆ ಐದು ನಿಮಿಷ ಉಳಿಸಿದವನ ಹೆಸರು ಆ ಮನೆಯವರಿಗೆ ನೆನಪಿರಲಿಲ್ಲ, ಯಾವ ಕಾಗದದಲ್ಲಿಯೂ ಇರಲಿಲ್ಲ. ಪರ್ಮಿಟ್ ಏಕೆ ಬೇಕು ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಮಣೆ ನೆನಪಾಗುತ್ತದೆ.

ಸರಿಯಾದ ಪೈಪ್ ಅರ್ಥಿಂಗ್‌ಗೆ ಕನಿಷ್ಠ 2.5 ಮೀಟರ್ ಉದ್ದದ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪನ್ನು ನೆಲದಲ್ಲಿ ಹೂತು, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವ ಪದ್ಧತಿ ಇದೆ. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043. ಬಯಲುಸೀಮೆಯ ಒಣ ನೆಲದಲ್ಲಿಯೂ ಕರಾವಳಿಯ ಮುರಕಲ್ಲಿನಲ್ಲಿಯೂ ಬೇಸಿಗೆ ಬಂದರೆ ನೆಲದ ತೇವ ಆರಿ ರೋಧ ಏರುತ್ತದೆ, ಆಗ ಗುಂಡಿಗೆ ನೀರು ಹಾಕಬೇಕು ಎಂದು ಮನೆಯವರಿಗೆ ಹೇಳಿ ಬರುವುದೂ ನಮ್ಮ ಕೆಲಸದ ಭಾಗವೇ. ಇದರ ಜೊತೆಗೆ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಎಂಸಿಬಿ ತಂತಿಯನ್ನು ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯನನ್ನು ಕಾಯುತ್ತದೆ. ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ.

ಕೆಲಸದ ವೇಳೆ ಅಪಾಯ ತಪ್ಪಿಸುವುದು ಹೇಗೆ?

ಮೇನ್ ಆಫ್ ಮಾಡಿ, ಸಾಧ್ಯವಿದ್ದಲ್ಲಿ ಫ್ಯೂಸ್ ಕ್ಯಾರಿಯರ್ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಜೇಬಿನಲ್ಲಿರುವ ಫ್ಯೂಸನ್ನು ಬೇರೆ ಯಾರೂ ಮರಳಿ ಹಾಕಲಾರರು. ಎಂಸಿಬಿ ಇದ್ದಲ್ಲಿ ಫಲಕ ತೂಗುಹಾಕಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ಮೇನ್ ಆಫ್ ಆದ ಮೇಲೂ ಇನ್ವರ್ಟರ್ ತನ್ನ ಪಾಡಿಗೆ ತಾನು ಕರೆಂಟ್ ಕೊಡುತ್ತಿರುತ್ತದೆ ಎಂಬುದನ್ನು ಮರೆತು ಪೆಟ್ಟು ತಿಂದವರು ಬಹಳ ಮಂದಿ. ನಿಯಾನ್ ಟೆಸ್ಟರ್ ಬೆಳಗಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲವೆಂದು ನಂಬಬೇಡಿ. ಮೊದಲು ಕರೆಂಟ್ ಇರುವುದು ಖಚಿತವಾದ ಕಡೆ ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರನ್ನು ಪರೀಕ್ಷಿಸಿ, ನಂತರ ಕೆಲಸದ ತಂತಿಗೆ ಹಿಡಿದು, ಮತ್ತೆ ಮೊದಲಿನ ಕಡೆ ಹಿಡಿದು ಉಪಕರಣ ಸರಿಯಿದೆ ಎಂದು ಖಚಿತಪಡಿಸಿಕೊಳ್ಳಬೇಕು. ಕೈಯ ಉಂಗುರ, ಲೋಹದ ಪಟ್ಟಿಯ ಗಡಿಯಾರ ಮನೆಯಲ್ಲಿಯೇ ಇರಲಿ.

ಯಾರಿಗಾದರೂ ಕರೆಂಟ್ ಹೊಡೆದರೆ ಮೊದಲು ಏನು ಮಾಡಬೇಕು?

ಅವರನ್ನು ಮುಟ್ಟಬೇಡಿ, ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣಗಿದ ಜಾಗದ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಬೇರ್ಪಡಿಸಿ. ಇದು ಮನೆಯ 230 ವೋಲ್ಟಿನ ಮಾತು, ರಸ್ತೆಯ ಹೈ ಟೆನ್ಷನ್ ತಂತಿಯ ಹತ್ತಿರ ಕೋಲು ಹಿಡಿದೂ ಹೋಗಬಾರದು, 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಬೇಕು. ಉಸಿರಾಟ ನಿಂತಿದ್ದರೆ ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಎದ್ದು ಕುಳಿತು ಚೆನ್ನಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ, ಹೃದಯದ ಲಯದ ತೊಂದರೆ ಹೊರಗೆ ಕಾಣುವುದಿಲ್ಲ.

ಹಳ್ಳಿಯಲ್ಲಿ ಈ ವೃತ್ತಿಗೆ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಅಲ್ಲಿನ ಕೆಲಸದ ಬಹುಪಾಲು ಐಪಿ ಸೆಟ್ಟುಗಳ (ನೀರಾವರಿ ಪಂಪ್ ಸೆಟ್ಟುಗಳ) ಸುತ್ತ ಇರುತ್ತದೆ. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪು, ಸ್ಟಾರ್ಟರ್, ಕೇಬಲ್ ಜಾಯಿಂಟ್ ಇವುಗಳಲ್ಲಿ ಕೈ ಪಳಗಿದವನಿಗೆ ಬೇಸಿಗೆಯಲ್ಲಿ ಬಿಡುವೇ ಇರುವುದಿಲ್ಲ. ಮೂರರಲ್ಲಿ ಒಂದು ಫೇಸ್ ಹೋದಾಗ ಮೋಟಾರು ಉಳಿದ ಎರಡರಲ್ಲಿಯೇ ಹೆಚ್ಚು ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಅದನ್ನು ತಡೆಯುವ ಸಾಧನ ಪೆಟ್ಟಿಗೆಯಲ್ಲಿದ್ದರೂ ರೈತರು ಕಿರಿಕಿರಿ ಎಂದು ಬೈಪಾಸ್ ಮಾಡಿಸಿರುತ್ತಾರೆ. ರಾತ್ರಿ ಮೂರು ಫೇಸ್ ಬಂದಾಗ ಒದ್ದೆ ಕಾಲಿನಲ್ಲಿ ಹೋಗಿ ತಗಡಿನ ಪೆಟ್ಟಿಗೆಯನ್ನು ಮುಟ್ಟುವುದು ಅದೇ ರೈತ ಎಂಬುದನ್ನು ನೆನಪಿಟ್ಟುಕೊಂಡು, ಪೆಟ್ಟಿಗೆಗೆ ಅರ್ಥ್ ಕೊಡದೆ ಹೊಲದಿಂದ ಹಿಂತಿರುಗಬೇಡಿ.

ಎಸ್ಕಾಂಗಳ ಪವರ್‌ಮ್ಯಾನ್ ಹುದ್ದೆಗೂ ಈ ಪರ್ಮಿಟ್‌ಗೂ ಸಂಬಂಧವಿದೆಯೇ?

ಹಿಂದೆ ಲೈನ್‌ಮ್ಯಾನ್ ಎನ್ನುತ್ತಿದ್ದ ಹುದ್ದೆಯನ್ನು ಈಗ ಪವರ್‌ಮ್ಯಾನ್ ಎನ್ನುತ್ತಾರೆ. ಅದು ಕಂಪನಿಯ ನೌಕರಿ, ಕೆಲಸ ಕಂಬ ಮತ್ತು ಮಾರ್ಗಗಳದ್ದು. ಕಿರಿಯ ಪವರ್‌ಮ್ಯಾನ್ ನೇಮಕಾತಿಗೆ ಎಸ್ಸೆಸ್ಸೆಲ್ಸಿ ವಿದ್ಯಾರ್ಹತೆ, ಜೊತೆಗೆ 8 ಮೀಟರಿನ ಕಂಬ ಹತ್ತುವುದೂ ಸೇರಿದಂತೆ ದೈಹಿಕ ಪರೀಕ್ಷೆಗಳಿರುತ್ತವೆ. ಮನೆ ವೈರಿಂಗ್ ಪರ್ಮಿಟ್ ಇದೆ ಎಂದು ಯಾರೂ ಕಂಪನಿಯ ಕಂಬ ಹತ್ತುವಂತಿಲ್ಲ. ಊರಿನಲ್ಲಿ ಫ್ಯೂಸ್ ಹೋದಾಗ 'ನೀನೇ ಹಾಕಿಬಿಡಪ್ಪ' ಎಂದು ಹಿರಿಯರು ಒತ್ತಾಯಿಸಿದರೂ ಟ್ರಾನ್ಸ್‌ಫಾರ್ಮರ್ ಬಳಿ ಹೋಗಬೇಡಿ.

ಆದಾಯ ಹೇಗಿರುತ್ತದೆ?

ದಿನಗೂಲಿ, ಪಾಯಿಂಟ್ ಲೆಕ್ಕ, ಚದರ ಅಡಿ ಲೆಕ್ಕ, ಮಾಸಿಕ ಸಂಬಳ ಎಂದು ನಾಲ್ಕು ರೀತಿ ಇದೆ, ಊರಿಂದ ಊರಿಗೆ ದರ ಬೇರೆ. ಅಂದಾಜು ಪಟ್ಟಿಯನ್ನು ಬರವಣಿಗೆಯಲ್ಲಿಯೇ ಕೊಡಿ. ಅಂಗಡಿಯವರಿಂದ ಬರುವ ಕಮಿಷನ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕಮಿಷನ್ ಹೆಚ್ಚು ಸಿಗುವ ತಂತಿಯನ್ನು ಬರೆದುಕೊಡಲು ಶುರು ಮಾಡಿದ ದಿನ, ಯಾವ ತಂತಿ ಒಳ್ಳೆಯದು ಎಂದು ನೋಡುವ ಕಣ್ಣು ಮಂಜಾಗುತ್ತದೆ. ಕೂಲಿಯನ್ನೇ ನ್ಯಾಯವಾಗಿ ಹೆಚ್ಚು ಕೇಳಿ, ಐಎಸ್‌ಐ ಗುರುತಿನ ಸಾಮಾನನ್ನೇ ಬರೆಯಿರಿ.

ಮೀಟರ್ ತಪ್ಪಿಸಿ ಲೈನ್ ಕೊಡಲು ಗ್ರಾಹಕರು ಕೇಳಿದರೆ?

ಆಗುವುದಿಲ್ಲ ಎಂದು ಹೇಳಿ ಬನ್ನಿ. ವಿದ್ಯುತ್ ಕಾಯ್ದೆಯ 135ನೇ ಕಲಮಿನಡಿ ವಿದ್ಯುತ್ ಕಳವಿಗೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಅದಕ್ಕೆ ಕುಮ್ಮಕ್ಕು ಕೊಟ್ಟ ಗುತ್ತಿಗೆದಾರ, ಮೇಲ್ವಿಚಾರಕ ಅಥವಾ ಕೆಲಸಗಾರನಿಗೆ 150ನೇ ಕಲಮಿನಡಿ ಶಿಕ್ಷೆಯ ಜೊತೆಗೆ ಪರ್ಮಿಟ್ಟೂ ರದ್ದಾಗಬಹುದು.

ಹೆಣ್ಣುಮಕ್ಕಳು ಈ ಕೆಲಸ ಮಾಡಬಹುದೇ?

ಖಂಡಿತ. ಐಟಿಐ ಪ್ರವೇಶಕ್ಕೂ ಪರ್ಮಿಟ್‌ಗೂ ಯಾವ ಅಡ್ಡಿಯೂ ಇಲ್ಲ. ಪ್ಯಾನೆಲ್ ಜೋಡಣೆ, ಪರೀಕ್ಷಾ ವಿಭಾಗ, ವೈಂಡಿಂಗ್‌ಗಳಲ್ಲಿ ಹೆಣ್ಣುಮಕ್ಕಳ ಅಚ್ಚುಕಟ್ಟನ್ನು ನಾನೇ ನೋಡಿದ್ದೇನೆ. ಕಟ್ಟಡಗಳ ಸ್ಥಳದಲ್ಲಿ ಶೌಚಾಲಯದಂತಹ ಕನಿಷ್ಠ ಅನುಕೂಲವೂ ಇಲ್ಲದಿರುವುದು ನಿಜವಾದ ತೊಡಕು, ಅದನ್ನು ಸರಿಪಡಿಸಬೇಕಾದವರು ಕೆಲಸ ಕೊಡುವವರು.

ಸೋಲಾರ್ ಕೆಲಸಕ್ಕೆ ಬೇರೆ ತರಬೇತಿ ಬೇಕೆ?

ಬೇಕು. 2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುವುದರಿಂದ ಈ ಕೆಲಸ ಹೆಚ್ಚಿದೆ, ಐಟಿಐ ಮುಗಿಸಿದವರಿಗೆ ಸೂರ್ಯಮಿತ್ರ ಎಂಬ ತರಬೇತಿಯೂ ಇದೆ. ಬಿಸಿಲು ಇರುವವರೆಗೆ ಪ್ಯಾನೆಲ್ಲಿನ ಡಿಸಿ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಸ್ವಿಚ್ಚಿನಿಂದ ಸೂರ್ಯನನ್ನು ಆರಿಸಲಾಗದು. ಡಿಸಿ ಕಿಡಿ ಎಸಿಯಂತೆ ತಾನಾಗಿ ಸುಲಭಕ್ಕೆ ನಂದುವುದಿಲ್ಲ. ಮನೆ ವೈರಿಂಗ್‌ನ ಅಭ್ಯಾಸವನ್ನು ಅಲ್ಲಿಗೆ ಹಾಗೆಯೇ ಒಯ್ಯಬಾರದು.

ಈ ಪರ್ಮಿಟ್ ಬೇರೆ ರಾಜ್ಯ ಅಥವಾ ಗಲ್ಫ್ ದೇಶಗಳಲ್ಲಿ ನಡೆಯುತ್ತದೆಯೇ?

ಪರ್ಮಿಟ್ ರಾಜ್ಯ ಸರ್ಕಾರ ಕೊಡುವಂಥದ್ದು, ಬೇರೆ ರಾಜ್ಯದಲ್ಲಿ ಕೆಲಸ ಮಾಡಲು ಆ ರಾಜ್ಯದ ಮಾನ್ಯತೆ ಬೇಕು. ಗಲ್ಫ್ ದೇಶಗಳಲ್ಲಿ ಅಲ್ಲಿನ ನಿಯಮಗಳೇ ಬೇರೆ, ಆದರೆ ಐಟಿಐ ಪ್ರಮಾಣಪತ್ರ ಮತ್ತು ಅನುಭವ ಪತ್ರ ಆಯ್ಕೆಯ ವೇಳೆ ನೆರವಾಗುತ್ತವೆ. 10ನೇ ತರಗತಿ ಪಾಸಾಗಿದ್ದರೆ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿಯ ನಿರ್ಬಂಧ ಇರುವುದಿಲ್ಲ. ಕರೆದೊಯ್ಯುವ ಏಜೆಂಟರು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರೇ ಎಂದು ನೋಡಿಯೇ ಹಣ ಕೊಡಿ.

ಕೆಲಸ ಮುಗಿದ ಮೇಲೆ ಮನೆಯವರಿಗೆ ಏನು ಕೊಟ್ಟು ಬರಬೇಕು?

ಮೊದಲಿಗೆ 500 ವೋಲ್ಟಿನ ಮೆಗ್ಗರಿನಿಂದ ಫೇಸ್, ನ್ಯೂಟ್ರಲ್, ಅರ್ಥ್ ತಂತಿಗಳ ನಡುವಿನ ಇನ್ಸುಲೇಷನ್ ಅಳೆಯಬೇಕು, ಅದು ಕನಿಷ್ಠ 1 ಮೆಗಾಓಮ್ ಇರಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುವುದನ್ನು ಮನೆಯವರ ಕೈಯಿಂದಲೇ ಮಾಡಿಸಿ ತೋರಿಸಿ, ಇದನ್ನು ಆಗಾಗ್ಗೆ ಒತ್ತುತ್ತಿರಿ ಎಂದು ಹೇಳಿ. ಯಾವ ಎಂಸಿಬಿ ಯಾವ ಕೋಣೆಗೆ ಎಂದು ಡಿಬಿಯ ಬಾಗಿಲಿನ ಒಳಗೆ ಕನ್ನಡದಲ್ಲಿ ಬರೆದು ಅಂಟಿಸಿ. ಪೈಪು ಗೋಡೆಯಲ್ಲಿ ಎಲ್ಲೆಲ್ಲಿ ಹೋಗಿದೆ ಎಂಬುದನ್ನು ಪ್ಲಾಸ್ಟರಿಗೆ ಮೊದಲೇ ಮೊಬೈಲಿನಲ್ಲಿ ಚಿತ್ರ ತೆಗೆದು ಕೊಟ್ಟಿದ್ದರೆ ಮುಂದೆ ಮೊಳೆ ಹೊಡೆಯುವವರಿಗೆ ಅನುಕೂಲ. ಅಳತೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಕೆಳಗೆ ನಿಮ್ಮ ಹೆಸರು, ಪರ್ಮಿಟ್ ಸಂಖ್ಯೆ ಮತ್ತು ಸಹಿ ಇರುವಂತೆ ಮನೆಯವರ ಕೈಗೆ ಕೊಟ್ಟು ಬನ್ನಿ.